ಕೈಮರ, ಸಿಗ್ನಲ್, ಸರ್ಕಲ್: ನಾಲ್ಕು ರಸ್ತೆ ಕೂಡುವಲ್ಲಿ ಯಾರು ಮೊದಲು?

ಚಿಕ್ಕಮಗಳೂರಿನಲ್ಲಿ ದಾರಿ ಕೇಳಿದರೆ ಉತ್ತರದಲ್ಲಿ ಒಂದಾದರೂ ಸರ್ಕಲ್ ಬರುತ್ತದೆ. ಹನುಮಂತಪ್ಪ ವೃತ್ತದಿಂದ ಎಂ.ಜಿ. ರಸ್ತೆ ಹಿಡಿದರೆ ಆಜಾದ್ ಪಾರ್ಕ್ ವೃತ್ತ; ಹಾಸನಕ್ಕೆ ಹೋದರೆ ಎನ್.ಆರ್. ವೃತ್ತ, ಡೇರಿ ವೃತ್ತ. ಹೆಸರು ಕೇಳಿದ ಹೊರಗಿನವರು, ವಾಹನಗಳು ಸುತ್ತು ಹಾಕಿಕೊಂಡು ಹೋಗುವ ದುಂಡನೆಯ ಕಟ್ಟೆಯೊಂದು ಇಂಥ ಎಲ್ಲ ಕಡೆಯೂ ಇರುತ್ತದೆಂದು ಭಾವಿಸಬಹುದು. ನಮ್ಮ ಮಾತಿನಲ್ಲಿ ಸರ್ಕಲ್ ಎಂದರೆ ಮೂರು ನಾಲ್ಕು ರಸ್ತೆ ಕೂಡುವ ಜಾಗ, ಅಷ್ಟೆ. ದುಂಡಗಿದ್ದರೂ ಸರಿ, ಇಲ್ಲದಿದ್ದರೂ ಸರಿ. ಇದಕ್ಕಿಂತ ಹಳೆಯ ಪದಗಳೂ ಈ ಜಿಲ್ಲೆಯಲ್ಲಿ ಊರ ಹೆಸರಾಗಿ ಉಳಿದಿವೆ. ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿರುವ ಕೈಮರ, ಮೂಡಿಗೆರೆಯ ಹ್ಯಾಂಡ್‌ಪೋಸ್ಟ್, ಎರಡೂ ಹೇಳುವುದು ಕವಲಿನಲ್ಲಿ ನೆಟ್ಟು, ಯಾವ ಊರು ಯಾವ ಕಡೆ ಎಂದು ಕೈಚಾಚಿ ತೋರಿಸುತ್ತಿದ್ದ ಕಂಬವನ್ನು. ಎತ್ತಿನಗಾಡಿಯ ಕಾಲಕ್ಕೆ ಕವಲಿನಲ್ಲಿ ತಿಳಿಯಬೇಕಾಗಿದ್ದದ್ದು ದಾರಿ ಯಾವುದು ಎಂಬುದು ಮಾತ್ರ. ಯಾರು ಮೊದಲು ಹೋಗಬೇಕು ಎಂಬ ಪ್ರಶ್ನೆ ಹುಟ್ಟಿದ್ದು ಆಮೇಲೆ. ಆ ಪ್ರಶ್ನೆಗೆ ಕಂಡುಕೊಂಡ ಎರಡು ಉತ್ತರಗಳೇ ಸಿಗ್ನಲ್ ಮತ್ತು ವೃತ್ತ.

ಆ ಪ್ರಶ್ನೆ ನಮ್ಮಲ್ಲಿ ಇನ್ನೂ ಬಗೆಹರಿದಿಲ್ಲ ಎಂಬುದನ್ನು ಕಾಣಲು ನಗರದ ಯಾವುದಾದರೂ ಸಣ್ಣ ವೃತ್ತದ ಬದಿಯಲ್ಲಿ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಒಂದು ಲೋಟ ಕಾಫಿ ಹಿಡಿದು ನಿಂತರೆ ಸಾಕು. ಕಳೆದ ವಾರ ನಾನು ನಿಂತಿದ್ದ ಕಡೆ ನಡುವೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆಯಿತ್ತು. ಶಾಲೆಯ ಬಸ್ಸೊಂದು ಕಟ್ಟೆಯನ್ನು ಅರ್ಧ ಬಳಸಿ ಬಂದಿತ್ತು. ಅದರ ಎಡಗಡೆಯ ರಸ್ತೆಯಿಂದ ಕೂಲಿಯಾಳುಗಳನ್ನು ತುಂಬಿಕೊಂಡ ತೋಟದ ಜೀಪೊಂದು ವೇಗ ತಗ್ಗಿಸದೆ ಒಳನುಗ್ಗಿತು. ಬಸ್ಸು ನಿಂತಿತು. ಬಸ್ಸಿನ ಹಿಂದೆ ಎರಡು ಆಟೊ ನಿಂತವು, ಅವುಗಳ ಬಾಲ ಹಿಂದಿನ ರಸ್ತೆಯ ಬಾಯಿಗೆ ಅಡ್ಡವಾಯಿತು. ಬಲಕ್ಕೆ ತಿರುಗಬೇಕಿದ್ದ ಬೈಕಿನವರು ಕಟ್ಟೆಯನ್ನು ಬಳಸುವ ಗೋಜಿಗೇ ಹೋಗದೆ ಬಲಮಗ್ಗುಲಿನಿಂದ ನುಸುಳಿದರು. ಒಂದು ನಿಮಿಷದೊಳಗೆ ನಾಲ್ಕೂ ರಸ್ತೆ ಕಟ್ಟಿಕೊಂಡವು, ಎಲ್ಲರ ಹಾರನ್ನೂ ಒಟ್ಟಿಗೆ ಮೊಳಗಿತು. ವಾಹನಗಳು ಹೆಚ್ಚಾಗಿ ಹೀಗಾಯಿತೆಂದು ಪಕ್ಕದಲ್ಲಿದ್ದವರು ಹೇಳಿದರು, ಒಂದು ಸಿಗ್ನಲ್ ಹಾಕಿಸಬೇಕು ಎಂದರು. ಆಗ ಅಲ್ಲಿದ್ದ ವಾಹನಗಳು ಎಣಿಸಿದರೆ ಇಪ್ಪತ್ತೂ ಇರಲಿಲ್ಲ.

ಸಿಗ್ನಲ್ಲಿನ ಕಥೆ ಮೋಟಾರು ವಾಹನಕ್ಕಿಂತ ಹಳೆಯದು. 1868ರ ಡಿಸೆಂಬರ್ 10ರಂದು ಲಂಡನ್ನಿನ ಪಾರ್ಲಿಮೆಂಟ್ ಭವನದ ಹೊರಗೆ ಮೊದಲ ಸಂಚಾರ ಸಿಗ್ನಲ್ ಕೆಲಸ ಆರಂಭಿಸಿತು. ಅದನ್ನು ಯೋಜಿಸಿದವರು ಜಾನ್ ಪೀಕ್ ನೈಟ್ ಎಂಬ ರೈಲ್ವೆ ಎಂಜಿನಿಯರ್. ರೈಲಿಗೆ ಬಳಸುತ್ತಿದ್ದ ಕೈಮರವನ್ನೇ ಅವರು ಬೀದಿಗೆ ತಂದು ನಿಲ್ಲಿಸಿದ್ದರು: ಕೈ ಅಡ್ಡ ಚಾಚಿದರೆ ನಿಲ್ಲಬೇಕು, ಓರೆಯಾಗಿ ಇಳಿದರೆ ಎಚ್ಚರದಿಂದ ಹೋಗಬಹುದು, ರಾತ್ರಿ ಹೊತ್ತು ಕೆಂಪು ಮತ್ತು ಹಸಿರು ಗ್ಯಾಸ್ ದೀಪ, ಎಲ್ಲವನ್ನೂ ಕೈಯಿಂದ ತಿರುಗಿಸಲು ಒಬ್ಬ ಪೊಲೀಸ್ ಪೇದೆ. ತಿಂಗಳು ತುಂಬುವ ಮೊದಲೇ, 1869ರ ಜನವರಿ 2ರಂದು, ಗ್ಯಾಸ್ ಸೋರಿ ದೀಪ ಸಿಡಿಯಿತು, ಪೇದೆಗೆ ಗಾಯವಾಯಿತು, ಪ್ರಯೋಗ ಅಲ್ಲಿಗೆ ನಿಂತಿತು. ಮುಂದೆ 1914ರ ಆಗಸ್ಟ್ 5ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವಿದ್ಯುತ್ ಸಿಗ್ನಲ್ ಬಂತು. ಅದರಲ್ಲಿ ಇದ್ದದ್ದು ಕೆಂಪು, ಹಸಿರು ಎರಡೇ ಬಣ್ಣ. ನಡುವಿನ ಹಳದಿಯನ್ನು ಸೇರಿಸಿ ನಾಲ್ಕು ದಿಕ್ಕಿಗೂ ಮುಖವಿರುವ ದೀಪವನ್ನು 1920ರಲ್ಲಿ ಡೆಟ್ರಾಯಿಟ್‌ನಲ್ಲಿ ರೂಪಿಸಿದ ವಿಲಿಯಂ ಪಾಟ್ಸ್ ಸ್ವತಃ ಪೊಲೀಸ್ ಅಧಿಕಾರಿ. ಇಂದು ನಾವು ನೋಡುವ ಸಿಗ್ನಲ್ಲಿನ ಮೂಲರೂಪ ಅದೇ.

ಸಿಗ್ನಲ್ ಮಾಡುವ ಕೆಲಸವನ್ನು ಸರಳವಾಗಿ ಹೇಳುವುದಾದರೆ, ಅದು ಜಾಗವನ್ನು ಹಂಚುವುದಿಲ್ಲ, ಹೊತ್ತನ್ನು ಹಂಚುತ್ತದೆ. ಹಂಚುವಾಗಲೆಲ್ಲ ಒಂದಿಷ್ಟು ಹೊತ್ತು ಸೋರಿಹೋಗುತ್ತದೆ, ಏಕೆಂದರೆ ಹಸಿರು ಬಂದ ಕೂಡಲೇ ಯಾರೂ ಹೊರಡುವುದಿಲ್ಲ, ಹಳದಿಯ ಕೊನೆಯ ಕ್ಷಣ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಈ ಸೋರಿಕೆಯನ್ನು ಲೆಕ್ಕಕ್ಕೆ ತಂದು, ಸಿಗ್ನಲ್ಲಿನ ಒಂದು ಪೂರ್ತಿ ಸುತ್ತು ಎಷ್ಟು ಸೆಕೆಂಡಿನದಾಗಿರಬೇಕು ಎಂಬ ಸೂತ್ರವನ್ನು 1958ರಲ್ಲಿ ಕೊಟ್ಟವರು ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಎಫ್.ವಿ. ವೆಬ್‌ಸ್ಟರ್. ನಾಲ್ಕು ರಸ್ತೆಗೆ ಒಂದೊಂದು ಸರದಿ, ಸರದಿಗೆ 4 ಸೆಕೆಂಡಿನಂತೆ ಒಟ್ಟು 16 ಸೆಕೆಂಡು ಸೋರಿತೆಂದು ಇಟ್ಟುಕೊಳ್ಳೋಣ. ಅದರ ಒಂದೂವರೆ ಪಟ್ಟಿಗೆ 5 ಸೇರಿಸಿದರೆ 29. ರಸ್ತೆಗಳ ಸಾಮರ್ಥ್ಯದಲ್ಲಿ ಅರ್ಧ ಮಾತ್ರ ಬಳಕೆಯಾಗುತ್ತಿದ್ದರೆ ಆ 29ನ್ನು ಉಳಿದ 0.5ರಿಂದ ಭಾಗಿಸಬೇಕು, 58 ಸೆಕೆಂಡಿನ ಸುತ್ತು ಸಾಕಾಗುತ್ತದೆ. ಹತ್ತರಲ್ಲಿ ಎಂಟು ಪಾಲು ಬಳಕೆಯಾಗುತ್ತಿದ್ದರೆ ಸುತ್ತು 145 ಸೆಕೆಂಡಿಗೆ ಏರುತ್ತದೆ. ದಟ್ಟಣೆಯ ಹೊತ್ತಿಗೆಂದು ಹೀಗೆ ದೊಡ್ಡ ಸುತ್ತನ್ನು ಹೊಂದಿಸಿಟ್ಟು ಅದನ್ನೇ ಮಧ್ಯಾಹ್ನ ಎರಡು ಗಂಟೆಗೂ ಓಡಿಸಿದರೆ ಏನಾಗುತ್ತದೆಂಬುದು ಬಿಸಿಲಿನಲ್ಲಿ ಬೈಕು ನಿಲ್ಲಿಸಿಕೊಂಡು, ಎದುರಿನ ಖಾಲಿ ರಸ್ತೆಗೆ ಬಿದ್ದಿರುವ ಹಸಿರು ದೀಪವನ್ನು ನೋಡುತ್ತ ಕೂತ ಎಲ್ಲರಿಗೂ ಗೊತ್ತು. ಹೀಗೆ ಕಾದು ಬೇಸತ್ತವರೇ ಕೆಂಪು ದೀಪ ಇದ್ದಾಗಲೂ ನುಗ್ಗಲು ಕಲಿಯುತ್ತಾರೆ.

ವೃತ್ತದ ಇತಿಹಾಸ ಇಷ್ಟು ನೇರವಾಗಿಲ್ಲ. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್‌ನಲ್ಲಿ 1905ರಲ್ಲಿ ವಿಲಿಯಂ ಫೆಲ್ಪ್ಸ್ ಎನೊ ಅವರ ಸಲಹೆಯಂತೆ ವಾಹನಗಳನ್ನು ಒಂದೇ ದಿಕ್ಕಿನಲ್ಲಿ ಸುತ್ತಿಸಲು ಆರಂಭಿಸಿದರು. ಎರಡು ವರ್ಷದ ಬಳಿಕ ಯುಜೀನ್ ಎನಾರ್ ಅವರ ಯೋಚನೆಯಂತೆ ಪ್ಯಾರಿಸಿನ ವಿಜಯದ್ವಾರದ ಸುತ್ತ ಅದೇ ಕ್ರಮ ಬಂತು. ಸುತ್ತುವ ದಿಕ್ಕು ತೀರ್ಮಾನವಾಯಿತೇ ಹೊರತು ಸುತ್ತುತ್ತಿರುವವರು ಮೊದಲೋ ಒಳಬರುವವರು ಮೊದಲೋ ಎಂಬುದನ್ನು ಯಾರೂ ಸರಿಯಾಗಿ ಬಗೆಹರಿಸಲಿಲ್ಲ. ಅಮೆರಿಕದ ಹಲವೆಡೆ ಮತ್ತು ಫ್ರಾನ್ಸಿನಲ್ಲಿ ಒಳಬರುವವರಿಗೇ ಮೊದಲ ಹಕ್ಕು ಸಿಕ್ಕಿತು. ಒಳಬರುವವರು ಬರುತ್ತಲೇ ಇದ್ದರು, ಒಳಗಿದ್ದವರು ಹೊರಹೋಗಲಾಗದೆ ನಿಂತರು, ವಾಹನ ಹೆಚ್ಚಿದಂತೆ ವೃತ್ತ ತನ್ನನ್ನೇ ಕಟ್ಟಿಹಾಕಿಕೊಳ್ಳತೊಡಗಿತು. ಇದಕ್ಕೆ ಎಂಜಿನಿಯರುಗಳು ಹುಡುಕಿದ ಪರಿಹಾರ ಕಟ್ಟೆಯನ್ನು ಇನ್ನೂ ದೊಡ್ಡದು ಮಾಡುವುದು. ಅದರಿಂದ ವೇಗ ಹೆಚ್ಚಿತು, ಅಪಘಾತ ಹೆಚ್ಚಿತು, ಕೊನೆಗೆ ಅಮೆರಿಕದಲ್ಲಿ ವೃತ್ತಗಳೇ ಬೇಡವೆಂಬ ಕಾಲ ಬಂತು.

ತಿರುವು ಬಂದದ್ದು 1966ರ ನವೆಂಬರಿನಲ್ಲಿ, ಬ್ರಿಟನ್ನಿನಿಂದ. ವೆಬ್‌ಸ್ಟರ್ ಕೆಲಸ ಮಾಡಿದ್ದ ಅದೇ ಪ್ರಯೋಗಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್ ವೃತ್ತದ ನಡವಳಿಕೆಯನ್ನು ಅಭ್ಯಾಸ ಮಾಡಿದ್ದರು. ಒಳಬರುವವರು ತಮ್ಮ ಬಲಗಡೆಯಿಂದ, ಎಂದರೆ ವೃತ್ತದೊಳಗೆ ಸುತ್ತಿಬರುತ್ತಿರುವವರಿಗೆ ದಾರಿ ಬಿಡಬೇಕು ಎಂಬ ಒಂದೇ ವಾಕ್ಯದ ನಿಯಮ ಆ ತಿಂಗಳು ದೇಶಾದ್ಯಂತ ಜಾರಿಯಾಯಿತು. ಒಳಗಿದ್ದವರು ನಿಲ್ಲುವುದು ತಪ್ಪಿದ ಮೇಲೆ ದೊಡ್ಡ ಕಟ್ಟೆಯ ಅಗತ್ಯವೂ ತಪ್ಪಿತು. ಬ್ಲ್ಯಾಕ್‌ಮೋರ್ ಕಟ್ಟೆಯನ್ನು ಕುಗ್ಗಿಸುತ್ತ ಹೋಗಿ, ರಸ್ತೆಯ ಮೇಲೆ ಬಣ್ಣ ಬಳಿದ ಒಂದು ಬೊಟ್ಟಿನ ಮಟ್ಟಕ್ಕೆ ತಂದರು. 1972ರಲ್ಲಿ ಸ್ವಿಂಡನ್ ಪಟ್ಟಣದಲ್ಲಿ ಒಂದು ವೃತ್ತದ ಸುತ್ತ ಐದು ಪುಟ್ಟ ವೃತ್ತಗಳನ್ನು ಜೋಡಿಸಿದ ಅವರ ವಿನ್ಯಾಸ ಚಿತ್ರದಲ್ಲಿ ನೋಡಿದರೆ ತಲೆ ತಿರುಗುತ್ತದೆ, ಆದರೂ ಇಂದಿಗೂ ಬಳಕೆಯಲ್ಲಿದೆ. ಫ್ರಾನ್ಸ್ 1980ರ ದಶಕದಲ್ಲಿ ನಿಯಮವನ್ನು ತಿರುಗಿಸಿಕೊಂಡಿತು, ಇಂದು ಅಲ್ಲಿ ಸಾವಿರಾರು ವೃತ್ತಗಳಿವೆ. ಅಮೆರಿಕದಲ್ಲಿ ಹೊಸ ಬಗೆಯ ಮೊದಲ ವೃತ್ತ 1990ರಲ್ಲಿ ನೆವಾಡಾದಲ್ಲಿ ಬಂತು. ಇಂಡಿಯಾನಾ ರಾಜ್ಯದ ಕಾರ್ಮೆಲ್ ಎಂಬ ನಗರವೊಂದರಲ್ಲೇ ಈಗ 150ಕ್ಕೂ ಹೆಚ್ಚು ಇವೆ.

ಇಲ್ಲಿ ನಮಗೆ ಸಂಬಂಧಿಸಿದ ಒಂದು ಸಂಗತಿಯಿದೆ. ಭಾರತದಲ್ಲಿ ವಾಹನಗಳು ಎಡಕ್ಕೆ ಚಲಿಸುವುದರಿಂದ ವೃತ್ತವನ್ನು ಸುತ್ತುವುದು ಕಟ್ಟೆಯನ್ನು ಬಲಕ್ಕಿಟ್ಟುಕೊಂಡು, ಎಂದರೆ ಪ್ರದಕ್ಷಿಣೆಯಾಗಿ. ಹೀಗಾಗಿ ಒಳಬರುವ ಚಾಲಕರಿಗೆ ವೃತ್ತದೊಳಗಿನ ವಾಹನ ಯಾವಾಗಲೂ ಬಲಗಡೆಯಿಂದಲೇ ಎದುರಾಗುತ್ತದೆ. ನಿಯಂತ್ರಣವಿಲ್ಲದ ಕೂಡುರಸ್ತೆಯಲ್ಲಿ, ಮುಖ್ಯರಸ್ತೆಯೆಂದು ಗುರುತಿಸದ ಕಡೆ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. ಬಲಗಡೆಗೆ ಆದ್ಯತೆ ಕೊಟ್ಟು ಬಲಕ್ಕೆ ಚಲಿಸುತ್ತಿದ್ದ ಫ್ರಾನ್ಸ್ ಕಾನೂನನ್ನೇ ಬದಲಿಸಬೇಕಾಯಿತು. ನಮಗೆ ಆ ಕಷ್ಟವೂ ಇರಲಿಲ್ಲ. ಸರಿಯಾದ ನಿಯಮ ಪುಸ್ತಕದಲ್ಲಿತ್ತು, ರಸ್ತೆಗೆ ಇಳಿಯಲಿಲ್ಲ. ಚಾಲನಾ ಪರವಾನಗಿಗೆ ಎಂಟು ಬರೆದ ಹಾಗೆ ಬೈಕು ಓಡಿಸಿ ತೋರಿಸುವ ನಮ್ಮಲ್ಲಿ, ವೃತ್ತದ ಬಾಯಲ್ಲಿ ನಿಂತು ಬಲಕ್ಕೆ ನೋಡಿ ತೋರಿಸಿದವರನ್ನು ನಾನಂತೂ ಕಂಡಿಲ್ಲ. ಶಾಲೆಯ ಬಸ್ಸಿಗೆ ಅಡ್ಡ ಬಂದ ಆ ಜೀಪಿನ ಚಾಲಕನಿಗೆ ಬಸ್ಸು ಇದ್ದದ್ದು ಬಲಗಡೆಯಲ್ಲೇ.

ನಮ್ಮ ಊರುಗಳಿಗೆ ವೃತ್ತ ಬಂದ ದಾರಿಯೇ ಬೇರೆಯಾಗಿದ್ದುದೂ ಇದಕ್ಕೊಂದು ಕಾರಣವೆಂದು ನನಗನ್ನಿಸುತ್ತದೆ. ಮೈಸೂರಿನಲ್ಲಿ ಚಾಮರಾಜ ವೃತ್ತ, ಕೃಷ್ಣರಾಜ ವೃತ್ತಗಳು ಅರಸರ ಪ್ರತಿಮೆಗೆ ಗೌರವದ ಪೀಠಗಳು. ಸಂಚಾರದ ಉಪಯೋಗ ಆಮೇಲಿನದು. ಲುಟ್ಯೆನ್ಸ್ ಯೋಜಿಸಿದ ಹೊಸದಿಲ್ಲಿಯಲ್ಲಿ ಅವು ನಗರದ ಅಂದಕ್ಕೆ ಬಂದವು. ಸಣ್ಣ ಊರುಗಳು ಮೈಸೂರನ್ನು ನೋಡಿ ಕಲಿತವು: ಮೊದಲು ಪ್ರತಿಮೆ, ಅದಕ್ಕೊಂದು ಕಟ್ಟೆ, ಕಟ್ಟೆಗೆ ಗ್ರಿಲ್, ಗ್ರಿಲ್ಲಿಗೆ ಫ್ಲೆಕ್ಸ್. ವೃತ್ತದ ಎದುರು ಬದಿ ಕಾಣದಿದ್ದರೆ ಚಾಲಕ ನಿಧಾನಿಸುತ್ತಾನೆ ಎಂಬ ವಾದವೂ ಉಂಟು, ಆದರೆ ಬಲಗಡೆಯಿಂದ ಬರುತ್ತಿರುವ ಬೈಕನ್ನೇ ಹುಟ್ಟುಹಬ್ಬದ ಶುಭಾಶಯ ಮರೆಮಾಡಿದರೆ ಯಾವ ವಾದವೂ ಉಪಯೋಗಕ್ಕೆ ಬಾರದು. ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿತು. ಅಷ್ಟರಲ್ಲಿ ಬಹಳಷ್ಟು ವೃತ್ತಗಳಲ್ಲಿ ಜಾಗ ಭರ್ತಿಯಾಗಿತ್ತು.

ಎಲ್ಲಿ ವೃತ್ತ, ಎಲ್ಲಿ ಸಿಗ್ನಲ್ ಎಂಬುದಕ್ಕೆ ಲೆಕ್ಕ ಇಲ್ಲದೇ ಇಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 1976ರಲ್ಲೇ ವೃತ್ತಗಳ ವಿನ್ಯಾಸಕ್ಕೊಂದು ಸಂಹಿತೆಯನ್ನು ಹೊರತಂದಿತು, 2017ರಲ್ಲಿ ಅದನ್ನು ಪರಿಷ್ಕರಿಸಿತು. ಎಲ್ಲ ರಸ್ತೆಗಳಿಂದ ಒಳಬರುವ ವಾಹನಗಳು ಗಂಟೆಗೆ 3000 ಮೀರದಿರುವ, ಬಲಕ್ಕೆ ತಿರುಗುವವರು ಹೆಚ್ಚಿರುವ, ನಾಲ್ಕಕ್ಕಿಂತ ಹೆಚ್ಚು ರಸ್ತೆ ಸೇರುವ ಕಡೆ ವೃತ್ತ ಒಳ್ಳೆಯದೆಂಬುದು ಹಳೆಯ ಸಂಹಿತೆಯ ಸಾರ. ಒಂದು ರಸ್ತೆಯ ದಟ್ಟಣೆ ಮಿಕ್ಕವುಗಳನ್ನು ನುಂಗುವಂತಿದ್ದರೆ ವೃತ್ತ ಸೋಲುತ್ತದೆ. ಹಾಸನದ ಬಿ.ಎಂ. ರಸ್ತೆಯಂಥ ದಾರಿಯಲ್ಲಿ ಬೆಂಗಳೂರು ಕಡೆಯ ವಾಹನಗಳ ಸಾಲು ನಿಲ್ಲದೆ ಬರುತ್ತಿದ್ದರೆ, ಅಡ್ಡರಸ್ತೆಯಿಂದ ಒಳಬರಬೇಕಾದವರು ನಿಯಮ ಪಾಲಿಸಿದಷ್ಟೂ ಅಲ್ಲೇ ನಿಲ್ಲಬೇಕಾಗುತ್ತದೆ. ಅಂಥಲ್ಲಿ ಸಿಗ್ನಲ್ಲೇ ನ್ಯಾಯ. ವೃತ್ತಗಳ ನಗರವೆನಿಸಿದ ಚಂಡೀಗಢದಲ್ಲೂ ವಾಹನ ಹೆಚ್ಚಾದ ಮೇಲೆ ಹಲವು ವೃತ್ತಗಳಿಗೆ ದೀಪ ಬಂದಿವೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ತಕ್ಕಡಿ ಒಂದೇ ಕಡೆ ವಾಲುತ್ತದೆ. ನಾಲ್ಕು ರಸ್ತೆ ಸೀದಾ ಕೂಡುವಲ್ಲಿ ಎರಡು ವಾಹನಗಳ ದಾರಿ ಒಂದಕ್ಕೊಂದು ತಾಕುವ ಜಾಗಗಳು 32. ಒಂದೇ ಪಥದ ವೃತ್ತದಲ್ಲಿ 8. ಆ ಎಂಟರಲ್ಲೂ ವಾಹನಗಳು ಓರೆಯಾಗಿ, ನಿಧಾನವಾಗಿ ಸಂಧಿಸುತ್ತವೆ; ಎದುರುಬದುರು ಗುದ್ದುವುದು, ಬದಿಗೆ ಅಡ್ಡಲಾಗಿ ಗುದ್ದುವುದು ಬಹುಮಟ್ಟಿಗೆ ತಪ್ಪುತ್ತದೆ. ಸಿಗ್ನಲ್ ತೆಗೆದು ವೃತ್ತ ಮಾಡಿದ ಕಡೆ ಸಾವು ಮತ್ತು ಗಾಯದ ಅಪಘಾತಗಳು ಶೇ. 78ರಷ್ಟು ಇಳಿದಿವೆ ಎಂಬುದು ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ಲೆಕ್ಕ. ಬೈಕುಗಳೇ ಹೆಚ್ಚಾಗಿರುವ ನಮ್ಮ ರಸ್ತೆಗೆ ಆ ಅಂಕಿಯನ್ನು ಹಾಗೆಯೇ ತಂದು ಅಂಟಿಸಲಾಗದು. ನಡೆದುಹೋಗುವವರ ಪಾಡು ಬೇರೆ: ಸಿಗ್ನಲ್ಲಿನಲ್ಲಿ ಅವರಿಗೂ ಒಂದು ಸರದಿ ಉಂಟು, ವೃತ್ತದಲ್ಲಿ ವಾಹನಗಳು ನಿಲ್ಲುವುದೇ ಇಲ್ಲವಾದ್ದರಿಂದ ಕಣ್ಣು ಕಾಣದವರು, ವಯಸ್ಸಾದವರು ಯಾರನ್ನೋ ಕೈಹಿಡಿದು ದಾಟಬೇಕು. ಜೀಬ್ರಾ ಪಟ್ಟಿಯನ್ನು ವೃತ್ತದ ಬಾಯಿಂದ ಒಂದು ಕಾರಿನುದ್ದ ಹಿಂದಕ್ಕೆ ಎಳೆದು, ನಡುವೆ ನಿಲ್ಲಲು ಒಂದು ತುಂಡು ಡಿವೈಡರ್ ಕೊಟ್ಟರೆ ಅವರು ಒಂದು ಸಲಕ್ಕೆ ಒಂದು ಕಡೆ ಮಾತ್ರ ನೋಡಿದರೆ ಸಾಕಾಗುತ್ತದೆ.

ಚಿಕ್ಕಮಗಳೂರಿಗೆ ಇನ್ನೊಂದು ತೊಡಕಿದೆ. ಸೋಮವಾರದಿಂದ ಗುರುವಾರದವರೆಗಿನ ಊರು ಒಂದು, ಶುಕ್ರವಾರ ಸಂಜೆಯಿಂದ ಮುಳ್ಳಯ್ಯನಗಿರಿಯ ಕಡೆಗೆ ಕಾರುಗಳು ಏರತೊಡಗಿದ ಮೇಲಿನ ಊರು ಇನ್ನೊಂದು. ವಾರಾಂತ್ಯದ ದಟ್ಟಣೆಯನ್ನು ನೋಡಿ ಸಿಗ್ನಲ್ ಹಾಕಿದರೆ ವಾರದ ನಾಲ್ಕು ದಿನ ಖಾಲಿ ರಸ್ತೆಗೆ ಕಾಯಬೇಕು. ವಾರದ ದಿನಗಳನ್ನು ನೋಡಿ ವೃತ್ತ ಮಾಡಿದರೆ ಶನಿವಾರ ಸೀಟಿ ಹಿಡಿದ ಪೇದೆಯೊಬ್ಬರು ಬೇಕು. ಎರಡನೆಯದೇ ಅಗ್ಗವೆಂದು ನನ್ನ ಎಣಿಕೆ. ಕಟ್ಟೆ ಕಟ್ಟುವ ಮೊದಲು ಮರಳುಚೀಲಗಳನ್ನು ದುಂಡಗೆ ಜೋಡಿಸಿ, ಪ್ರತಿ ರಸ್ತೆಯ ಬಾಯಿಗೂ ದಾರಿ ಬಿಡಬೇಕಾದ ತುಂಡುಗೆರೆಯನ್ನು ಎಳೆದು, ಎರಡು ತಿಂಗಳು ನೋಡಬಹುದು. ಆ ಗೆರೆಯ ಬಳಿ ಮೊದಲ ಹದಿನೈದು ದಿನವಾದರೂ ಒಬ್ಬರು ನಿಂತು, ಬಲಕ್ಕೆ ನೋಡದೆ ನುಗ್ಗುವ ಜೀಪುಗಳಿಗೆ ಕೈ ಅಡ್ಡ ಹಿಡಿಯಬೇಕಾಗುತ್ತದೆ, 1868ರ ಆ ಕೈಮರದ ಹಾಗೆ.