ಬಾಣಂತಿಗೆ ಮೂಗು ತುರಿಸಿದರೆ

ಸಿಸೇರಿಯನ್ ಆಗಿ ನಾಲ್ಕು ಗಂಟೆಯಾಗಿತ್ತು. ನಾನು ನೋಡಲು ಹೋದಾಗ ಬಾಣಂತಿ ಹೊದಿಕೆಯ ಅಂಚಿನಿಂದ ಮೂಗು ಉಜ್ಜಿಕೊಳ್ಳುತ್ತಲೇ ಇದ್ದರು, ತುದಿ ಕೆಂಪಗಾಗಿತ್ತು. ಮೈಮೇಲೆ ಒಂದೂ ದದ್ದಿಲ್ಲ. "ನಂಜಾಗಿದೆ ಡಾಕ್ಟ್ರೇ, ನಿನ್ನೆ ಬದನೆಕಾಯಿ ತಿಂದಿದ್ಲು, ಬೇಡ ಅಂದ್ರೂ ಕೇಳ್ಲಿಲ್ಲ" ಅಂದರು ಅವರ ಅಜ್ಜಿ.

ಪಾಪ, ಬದನೆಕಾಯಿಯದ್ದು ತಪ್ಪೇನಿರಲಿಲ್ಲ. ಬೆನ್ನಿಗೆ ಅರಿವಳಿಕೆ ಕೊಡುವಾಗ ಅದರ ಜೊತೆ 100ರಿಂದ 150 ಮೈಕ್ರೋಗ್ರಾಂ ಮಾರ್ಫಿನ್ ಎಂಬ ನೋವಿನ ಔಷಧಿ ಸೇರಿಸುತ್ತೇವೆ. ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಕಾಲಿನ ಮರಗಟ್ಟುವಿಕೆ ಕೆಲವೇ ಗಂಟೆಗಳಲ್ಲಿ ಇಳಿದರೂ ಮಾರ್ಫಿನ್ ಹೆಚ್ಚುಕಡಿಮೆ ಒಂದು ದಿನ ನೋವು ತಡೆಯುತ್ತದೆ, ತಾಯಿ ಎದ್ದು ಕೂತು ಹಾಲು ಕೊಡಬಹುದು. ಅದಕ್ಕೇ ನನಗೆ ಈ ಔಷಧದ ಮೇಲೆ ನಂಬಿಕೆ ಜಾಸ್ತಿ.

ತುರಿಕೆ ಮಾತ್ರ ತುಂಬಾ ಜನರಿಗೆ ಬರುತ್ತದೆ, ಅದೂ ಮೂಗು, ಮುಖದಲ್ಲೇ ಹೆಚ್ಚು. ಮಾರ್ಫಿನ್ ನರಗಳ ಮೇಲೆ ನೇರವಾಗಿ ಕೆಲಸ ಮಾಡುವುದರಿಂದ ಆಗುವ ತುರಿಕೆ ಇದು. ಹಾಗಾಗಿ ಅಲರ್ಜಿ ಇಂಜೆಕ್ಷನ್ ಕೊಟ್ಟರೆ ತುರಿಕೆ ಅಷ್ಟೇನೂ ಇಳಿಯುವುದಿಲ್ಲ, ಸುಮ್ನೆ ಮಂಪರು ಹತ್ತುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿ ಹೋಗುತ್ತದೆ, ತಡೆಯಲಾಗದಿದ್ದರೆ ಬೇರೆ ಔಷಧಿ ಇದೆ. ವಾಂತಿಯೂ ಆಗಬಹುದು, ಮೂತ್ರ ಕಟ್ಟಬಹುದು, ಅವಕ್ಕೂ ದಾರಿಯಿದೆ.

ನಾನು ಹೆದರುವುದು ಮಂಪರಿಗೆ. ಮಾರ್ಫಿನ್ ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ ನಿಧಾನವಾಗಿ ಮೇಲೇರಿ ಮೆದುಳಿನಲ್ಲಿ ಉಸಿರಾಟ ನಡೆಸುವ ಜಾಗ ಮುಟ್ಟುತ್ತದೆ, ಹಾಗಾಗಿ ಎಲ್ಲ ಸರಿಯಿದೆ ಅಂದುಕೊಂಡ ಎಷ್ಟೋ ಗಂಟೆಗಳ ನಂತರ, ನಡುರಾತ್ರಿಯಲ್ಲಿ, ಮಂಪರು ಹೆಚ್ಚಿ ಉಸಿರು ನಿಧಾನವಾಗಬಹುದು. ಇಷ್ಟು ಸಣ್ಣ ಡೋಸ್‌ನಲ್ಲಿ ಇದು ಬಹಳ ಅಪರೂಪ. ಆದರೂ ನರ್ಸ್ ಬಂದು ಉಸಿರು ಎಣಿಸುತ್ತಾರೆ, ಮಾತಾಡಿಸುತ್ತಾರೆ. ಆಗ "ಈಗಷ್ಟೇ ಮಲಗಿದ್ದಾಳೆ, ಎಬ್ಬಿಸ್ಬೇಡಿ" ಅಂತ ದಯವಿಟ್ಟು ತಡೆಯಬೇಡಿ. ಕೂಗಿದರೂ ಸರಿಯಾಗಿ ಕಣ್ಣು ಬಿಡದಿದ್ದರೆ, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಸಲ ಉಸಿರಾಡುತ್ತಿದ್ದರೆ ತಕ್ಷಣ ನೀವೇ ಕರೆಯಿರಿ. ಮಾರ್ಫಿನ್‌ನ ಪರಿಣಾಮ ಇಳಿಸುವ ನಲೋಕ್ಸೋನ್ ಎಂಬ ಔಷಧಿ ನಮ್ಮ ಹತ್ತಿರ ಇರುತ್ತದೆ. ಮನೆಯಿಂದ ತಂದ ನಿದ್ದೆ ಮಾತ್ರೆ ಕೊಡಲೇಬೇಡಿ. ಜೋರಾಗಿ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರು ಕಟ್ಟುವ ಅಭ್ಯಾಸವಿದ್ದರೆ ಆಪರೇಷನ್‌ಗೆ ಮೊದಲೇ ಹೇಳಿ.

ಇನ್ನೊಬ್ಬರು ಎರಡನೇ ಹೆರಿಗೆಗೆ ಬಂದಿದ್ದರು. ಹಳೇ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ "ಮಾರ್ಫಿನ್ ಅಲರ್ಜಿ" ಅಂತಿತ್ತು. ಏನಾಗಿತ್ತಮ್ಮ ಅಂತ ಕೇಳಿದರೆ, "ಮೂಗು ತುರಿಸ್ತಿತ್ತು ಸಾರ್, ಅಷ್ಟೇ." ಆ ಎರಡು ಪದಕ್ಕಾಗಿ ಅವರಿಗೆ ಒಳ್ಳೆಯ ನೋವಿನ ಔಷಧಿಯೊಂದು ಜೀವಮಾನವಿಡೀ ತಪ್ಪಿಹೋಗುತ್ತಿತ್ತು, ಅಲ್ವಾ? ಈಗ ನಾನು ಡಿಸ್ಚಾರ್ಜ್ ಚೀಟಿಯಲ್ಲಿ ಬಿಡಿಸಿ ಬರೆಯುತ್ತೇನೆ: ಮಾರ್ಫಿನ್‌ನಿಂದ ತುರಿಕೆ ಬಂದಿತ್ತು, ಅಲರ್ಜಿ ಅಲ್ಲ.