ಡೇರೆಯೊಳಗೆ ಆಡಿದ ಮಾತು ಟಿವಿಯವರಿಗೆ ಹೇಗೆ ಗೊತ್ತಾಯಿತು?

ಪ್ರಶ್ನೆ: ಸ್ಪಾರ್ಟಕಸ್, ಅಟಿಲ, ನೆಪೋಲಿಯನ್ ತರದ ಯೋಧರ ಬಗ್ಗೆ ಟಿವಿಯಲ್ಲಿ ಬರುವ ಡಾಕ್ಯುಡ್ರಾಮಾ, ಅಂದರೆ ಇತಿಹಾಸವನ್ನು ನಟರಿಂದ ಆಡಿಸಿ ತೋರಿಸುವ ಕಾರ್ಯಕ್ರಮ ನೋಡುವಾಗ ಒಂದು ಅನುಮಾನ ಬಿಡುವುದಿಲ್ಲ. ಡೇರೆಯೊಳಗೆ ಇಬ್ಬರೇ ಕೂತು ಮಾತಾಡಿದ್ದು ಇವರಿಗೆ ಹೇಗೆ ಗೊತ್ತಾಯಿತು? ಇದರಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು?

ಉತ್ತರ: ಮಾತುಗಳು ಹೆಚ್ಚುಕಮ್ಮಿ ಎಲ್ಲವೂ ಚಿತ್ರಕಥೆ ಬರೆದವರವೇ. ಆದರೆ ಅಷ್ಟಕ್ಕೇ ಎಲ್ಲಾ ಸುಳ್ಳು ಅಂತ ಟಿವಿ ಆರಿಸಬೇಡಿ. ಮಾತು ಕಟ್ಟಿದ್ದಾದರೂ ಘಟನೆ ಕಟ್ಟಿದ್ದಾಗಿರಬೇಕಿಲ್ಲ. ಆ ಯೋಧನ ಬಗ್ಗೆ ಬರೆದವರು ಯಾರು, ಎಷ್ಟು ಹತ್ತಿರದಿಂದ ನೋಡಿದ್ದರು ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಬಿಬಿಸಿ 2007-08ರಲ್ಲಿ ಆರು ಕಂತುಗಳ ಒಂದು ಸರಣಿ ಮಾಡಿತ್ತು. ರೋಮ್ ವಿರುದ್ಧ ದಂಗೆ ಎದ್ದ ಗುಲಾಮ ಸ್ಪಾರ್ಟಕಸ್, ಹೂಣರ ದೊರೆ ಅಟಿಲ, ಇಂಗ್ಲೆಂಡಿನ ದೊರೆ ರಿಚರ್ಡ್, ಮೆಕ್ಸಿಕೋ ಗೆದ್ದ ಸ್ಪೇನಿನ ಕೋರ್ಟೆಸ್, ಜಪಾನಿನ ಟೊಕುಗಾವಾ ಇಯೆಯಾಸು, ನೆಪೋಲಿಯನ್. ಒಬ್ಬೊಬ್ಬರಿಗೆ ಒಂದೊಂದು ಕಂತು. ಈ ಆರು ಜನರನ್ನೇ ಇಟ್ಟುಕೊಂಡು ನೋಡೋಣ.

ಅಟಿಲ ಅಂದರೆ ನಮ್ಮ ತಲೆಯಲ್ಲಿ ಒಂದು ಚಿತ್ರ ಇದೆ. ಅಬ್ಬರಿಸುವ, ಕೊಳ್ಳೆ ಹೊಡೆಯುವ, ಚಿನ್ನಕ್ಕಾಗಿ ಬಾಯಿಬಿಡುವ ಮನುಷ್ಯ. ಆದರೆ ಅವನ ಮನೆಯಲ್ಲೇ ಕೂತು ಊಟ ಮಾಡಿದವನೊಬ್ಬ ಬರೆದಿಟ್ಟಿದ್ದಾನೆ. ಹೆಸರು ಪ್ರಿಸ್ಕಸ್. 449ರಲ್ಲಿ ಪೂರ್ವ ರೋಮ್ ಸಾಮ್ರಾಜ್ಯದ ರಾಯಭಾರಿಯ ಜೊತೆ ಹೋಗಿದ್ದ. ಅವತ್ತು ಅತಿಥಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಬಗೆಬಗೆಯ ಅಡುಗೆ, ಚಿನ್ನ ಬೆಳ್ಳಿಯ ಬಟ್ಟಲು. ಅಟಿಲನ ಮುಂದೆ ಮಾತ್ರ ಮರದ ತಟ್ಟೆ, ಅದರಲ್ಲಿ ಬರೀ ಮಾಂಸ. ಕುಡಿಯುವುದಕ್ಕೂ ಮರದ ಬಟ್ಟಲೇ. ಒಬ್ಬ ಕುಳ್ಳ ವಿದೂಷಕ ಬಂದು ಕುಣಿದು, ಭಾಷೆಗಳನ್ನೆಲ್ಲ ಕಲಸಿ ಮಾತಾಡಿದಾಗ ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ಅಟಿಲನ ಮುಖ ಅಲುಗಾಡಲಿಲ್ಲ. ಕೊನೆಗೆ ಕಿರಿಯ ಮಗ ಪಕ್ಕಕ್ಕೆ ಬಂದು ನಿಂತ. ಆಗ ಮಾತ್ರ ಆ ಹುಡುಗನ ಕೆನ್ನೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡ, ಕಣ್ಣಲ್ಲಿ ಪ್ರೀತಿ ಕಂಡಿತು ಅಂತ ಪ್ರಿಸ್ಕಸ್ ಬರೆಯುತ್ತಾನೆ.

ಇಂಥ ದೃಶ್ಯ ತೆರೆಯ ಮೇಲೆ ಬಂದರೆ ನಾವು ಏನಂದುಕೊಳ್ಳುತ್ತೇವೆ? ಕ್ರೂರಿಯನ್ನು ಮೆತ್ತಗೆ ತೋರಿಸಲು ಸುಮ್ನೆ ಒಂದು ಮಗುವನ್ನು ತಂದು ಸೇರಿಸಿದ್ದಾರೆ ಅಂತ, ಅಲ್ವಾ? ನಿಜ ನೋಡಿದರೆ ಆ ಆರು ಜನರ ಕಥೆಯಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇರುವ ಗಳಿಗೆಗಳು ಕಡಿಮೆ. ಇನ್ನೊಂದು ವಿಷಯ. ಅದೇ ರಾಯಭಾರದ ಜೊತೆಯಲ್ಲೇ ಅಟಿಲನನ್ನು ಕೊಲ್ಲಿಸುವ ಸಂಚೂ ಬಂದಿತ್ತು. ಪ್ರಿಸ್ಕಸ್‌ಗೆ ಅದು ಗೊತ್ತಿರಲಿಲ್ಲ. ಅಟಿಲನಿಗೆ ಗೊತ್ತಿತ್ತು. ಹೀಗೆ ಎಲ್ಲಾ ತಿಳಿದೂ ಅವರನ್ನು ಊಟಕ್ಕೆ ಕೂರಿಸಿಕೊಂಡಿದ್ದ. ಯಾವ ಚಿತ್ರಕಥೆಗಾರನಿಗೂ ಇಲ್ಲಿ ಜಾಸ್ತಿ ಸೇರಿಸುವ ಕೆಲಸವೇ ಇಲ್ಲ.

ಅದಕ್ಕೇ ನಾನು ಹೇಳುವುದು, ನೋಡುವಾಗ ವಿಚಿತ್ರ ಅನ್ನಿಸಿದ್ದನ್ನು ಬೇಗ ತಳ್ಳಿಹಾಕಬೇಡಿ. ಅದು ದಾಖಲೆಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಕಥೆಗೆ ತೀರಾ ಹೊಂದಿಕೊಂಡು ಕೂರುತ್ತದಲ್ಲ, ಅಂಥದ್ದನ್ನು ಅನುಮಾನಿಸಿ.

ರಿಚರ್ಡ್ ಮತ್ತು ಅವನ ಎದುರಾಳಿ ಸುಲ್ತಾನ ಸಲಾದಿನ್ ಎದುರುಬದುರು ನಿಂತು ಮಾತಾಡುವ ದೃಶ್ಯ ಎಲ್ಲಾದರೂ ಕಂಡರೆ ಅದು ಕಟ್ಟಿದ್ದು. ಅವರಿಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಆದರೆ 1192ರಲ್ಲಿ ರಿಚರ್ಡ್ ಕಾಯಿಲೆ ಬಿದ್ದಾಗ ಹಣ್ಣು ಮತ್ತು ಹಿಮ ಬೇಕು ಅಂತ ಹೇಳಿಕಳಿಸಿದ್ದು, ಸಲಾದಿನ್ ಅದನ್ನು ಕಳಿಸಿಕೊಟ್ಟಿದ್ದು ಸಲಾದಿನ್ ಜೊತೆಗೇ ಇದ್ದ ಬಹಾ ಅಲ್ ದೀನ್ ಬರೆದ ಸಂಗತಿ. ಯುದ್ಧ ನಡೆಯುತ್ತಿರುವಾಗ ಶತ್ರುವಿಗೆ ಹಣ್ಣು!

ಜಪಾನಿನ 1600ರ ಸೆಕಿಗಹಾರಾ ಕಾಳಗದಲ್ಲೂ ಹೀಗೇ. ಕೊಬಾಯಕಾವಾ ಹಿದೆಯಾಕಿ ಎಂಬ ಸರದಾರ ಗುಡ್ಡದ ಮೇಲೆ ಯಾವ ಕಡೆ ಸೇರುವುದು ಅಂತ ಮೀನಮೇಷ ಎಣಿಸುತ್ತಿದ್ದ. ಇಯೆಯಾಸು ಅವನ ಕಡೆಗೇ ಗುಂಡು ಹಾರಿಸಿ ತೀರ್ಮಾನ ಮಾಡಿಸಿದ ಅನ್ನುವ ಕಥೆ ತೆರೆಗೆ ಹೇಳಿ ಮಾಡಿಸಿದಂತಿದೆ. ಅವನು ಪಕ್ಷ ಬದಲಿಸಿದ್ದು ನಿಜ. ಗುಂಡಿನ ಕಥೆ ಆಮೇಲಿನ ಬರಹಗಳಲ್ಲಿ ಬೆಳೆದದ್ದು ಅಂತ ಅನೇಕ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ನೆಪೋಲಿಯನ್ ಬಗ್ಗೆ ಈ ಚಿಂತೆ ಕಡಿಮೆ. 1793ರ ಟುಲೋನ್ ಮುತ್ತಿಗೆಯಲ್ಲಿ 24ರ ಹುಡುಗ, ಆಗಲೇ ಕಾಗದಪತ್ರ ರಾಶಿ ಇದೆ.

ಕೋರ್ಟೆಸ್ ವಿಷಯದಲ್ಲಿ ತೊಂದರೆ ಬೇರೆ. ಅವನೇ ರಾಜನಿಗೆ ಉದ್ದುದ್ದ ಪತ್ರ ಬರೆದಿದ್ದಾನೆ. ಆದರೆ ಕ್ಯೂಬಾದ ಗವರ್ನರ್ ಮಾತು ಮೀರಿ ಹೊರಟವನು ಅವನು. ತನ್ನದೇ ಸರಿ ಅಂತ ಸಾಧಿಸುವ ಅಗತ್ಯ ಅವನಿಗಿತ್ತು. ಹಡಗುಗಳನ್ನು ಸುಟ್ಟ ಅನ್ನುವ ಹೆಸರಾಂತ ದೃಶ್ಯವೂ ಸರಿಯಲ್ಲ. ಅವನು ಅವನ್ನು ಕೆಡಿಸಿ ಕೆಲಸಕ್ಕೆ ಬಾರದ ಹಾಗೆ ಮಾಡಿಸಿದ, ಬೆಂಕಿ ಇಡಲಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಭಾಷೆಯದು. ತೆರೆಯ ಮೇಲೆ ಎಲ್ಲರೂ ಒಂದೇ ಭಾಷೆಯಲ್ಲಿ ಪಟಪಟ ಮಾತಾಡುತ್ತಾರೆ. 1519ರಲ್ಲಿ ಮೊದಮೊದಲು ಕೋರ್ಟೆಸ್ ಸ್ಪ್ಯಾನಿಷ್‌ನಲ್ಲಿ ಹೇಳಬೇಕು, ಅಗಿಲಾರ್ ಅದನ್ನು ಮಾಯಾ ಭಾಷೆಗೆ ತಿರುಗಿಸಬೇಕು, ಮಲಿಂಚೆ ಎಂಬ ಹೆಣ್ಣುಮಗಳು ಅಲ್ಲಿಂದ ಮೆಕ್ಸಿಕೋದ ಅಜ್ಟೆಕ್ ಜನರ ಭಾಷೆಯಾದ ನಾವಾಟ್ಲ್‌ಗೆ ತಿರುಗಿಸಬೇಕು. ಉತ್ತರ ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಒಂದು ಬೆದರಿಕೆಗೂ ಎಷ್ಟು ಹೊತ್ತು ಹಿಡಿದಿರಬೇಡ! ಮಲಿಂಚೆಯನ್ನು ಬದಿಗೆ ಸರಿಸಿದ ದೃಶ್ಯ ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಆ ಮಾತುಕತೆ ನಡೆದದ್ದೇ ಅವಳ ಬಾಯಿಂದ.

ಇನ್ನು ಸ್ಪಾರ್ಟಕಸ್. ಅವನ ಕಡೆಯವರು ಬರೆದ ಒಂದು ಸಾಲೂ ನಮಗೆ ಸಿಕ್ಕಿಲ್ಲ. ನಮ್ಮ ಬಳಿ ಜಾಸ್ತಿ ವಿವರ ಇರುವುದು ಹಳೆಯ ಕಾಲದ ಬರಹಗಾರರಾದ ಪ್ಲುಟಾರ್ಕ್ ಮತ್ತು ಅಪ್ಪಿಯನ್ ಬರೆದದ್ದರಲ್ಲಿ. ಇಬ್ಬರೂ ಬರೆದದ್ದು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಗುಲಾಮರು ಅಡುಗೆಮನೆಯ ಚಾಕು, ಮಾಂಸ ಸುಡುವ ಸರಳು ಹಿಡಿದು ತಪ್ಪಿಸಿಕೊಂಡದ್ದು, ವೆಸೂವಿಯಸ್ ಬೆಟ್ಟದಲ್ಲಿ ಕಾಡುದ್ರಾಕ್ಷಿ ಬಳ್ಳಿ ಹೆಣೆದು ಏಣಿ ಮಾಡಿ ಇಳಿದದ್ದು ಪ್ಲುಟಾರ್ಕ್‌ನಲ್ಲಿದೆ. ಕೊನೆಯ ಕಾಳಗಕ್ಕೆ ಮೊದಲು ಸ್ಪಾರ್ಟಕಸ್ ತನ್ನ ಕುದುರೆಯನ್ನೇ ಕೊಂದ ಅನ್ನುವುದೂ ಅಲ್ಲಿದೆ. ಗೆದ್ದರೆ ಶತ್ರುಗಳ ಕುದುರೆಗಳೆಲ್ಲ ನನ್ನವೇ, ಸೋತರೆ ಕುದುರೆ ಯಾಕೆ ಅಂದನಂತೆ. ಇದು ಸಿನಿಮಾದವರು ಕಟ್ಟಿದ್ದಲ್ಲ. ಹಾಗಂತ ಪ್ಲುಟಾರ್ಕ್ ಅಲ್ಲಿ ನಿಂತು ಕೇಳಿಸಿಕೊಂಡವನೂ ಅಲ್ಲ. ಕಥೆ ಕಟ್ಟುವ ಆಸೆ ಹಳೆಯ ಬರಹಗಾರರಿಗೂ ಇತ್ತು ಅನ್ನುವುದನ್ನು ಇಲ್ಲಿ ನೆನಪಿಡಬೇಕು.

ಸಾವಿನ ವಿಷಯದಲ್ಲಂತೂ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ. ರೋಮ್ ಸೇನಾಪತಿ ಕ್ರಾಸಸ್‌ನ ಕಡೆಗೆ ನುಗ್ಗುತ್ತಾ, ದಾರಿಗೆ ಬಂದ ಇಬ್ಬರು ಸೆಂಚುರಿಯನ್‌ಗಳನ್ನು (ದಳದ ನಾಯಕರನ್ನು) ಕೊಂದು, ಸುತ್ತುವರಿದವರ ನಡುವೆ ಹೋರಾಡುತ್ತಾ ಬಿದ್ದ ಅನ್ನುತ್ತಾನೆ ಪ್ಲುಟಾರ್ಕ್. ತೊಡೆಗೆ ಈಟಿ ನಾಟಿ, ಮೊಣಕಾಲೂರಿ ಗುರಾಣಿ ಮುಂದೆ ಹಿಡಿದು ಹೋರಾಡಿದ, ಹೆಣ ಸಿಗಲೇ ಇಲ್ಲ ಅನ್ನುತ್ತಾನೆ ಅಪ್ಪಿಯನ್. ಓದುವಾಗ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ಕ್ಯಾಮೆರಾ ಹಿಡಿದವರು ಮಾತ್ರ ಒಂದನ್ನು ಆರಿಸಿಕೊಳ್ಳಲೇಬೇಕು, ನಟನನ್ನು ಎಲ್ಲೋ ಒಂದು ಕಡೆ ಬೀಳಿಸಲೇಬೇಕು.