ಯುದ್ಧಕಾಲದ ಜನಸ್ಥೈರ್ಯ: ‘ನಿಮ್ಮ’ ಧೈರ್ಯ, ‘ನಮ್ಮ’ ಗೆಲುವು

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಒಗ್ಗಟ್ಟಿನ ಬಗ್ಗೆ ಪ್ರಶ್ನೆ ಬಂದರೆ ಬಹುತೇಕ ಎಲ್ಲರೂ ಚರ್ಚಿಲ್ ಭಾಷಣಗಳಿಂದ ಉತ್ತರ ಶುರುಮಾಡುತ್ತಾರೆ. ನನಗೆ ವಿಷಯ ಅರ್ಥವಾದದ್ದು ಒಂದು ಭಿತ್ತಿಪತ್ರದಿಂದ.

1939ರಲ್ಲಿ ಅಲ್ಲಿನ ವಾರ್ತಾ ಸಚಿವಾಲಯ ಅದನ್ನು ಗೋಡೆಗೋಡೆಗೂ ಅಂಟಿಸಿತು. ಮೇಲೊಂದು ಕಿರೀಟ, ಕೆಳಗೆ, ‘ನಿಮ್ಮ ಧೈರ್ಯ, ನಿಮ್ಮ ಲವಲವಿಕೆ, ನಿಮ್ಮ ದೃಢಸಂಕಲ್ಪ ನಮಗೆ ಜಯ ತರುತ್ತದೆ’ ಎಂಬ ಅರ್ಥದ ಸಾಲು. ಕಷ್ಟಪಡುವಾಗ ‘ನೀವು’, ಗೆಲ್ಲುವಾಗ ‘ನಾವು’! ಜನರಿಗೆ ಇದು ಹಿಡಿಸಲಿಲ್ಲ. ಹುರಿದುಂಬಿಸಲು ಹೊರಟವರು ಎರಡು ಸರ್ವನಾಮಗಳಲ್ಲಿ ಎಡವಿದ್ದರು.

1940ರ ಸೆಪ್ಟೆಂಬರ್ 7ರಂದು ಲಂಡನ್ ಮೇಲೆ ಜರ್ಮನಿಯ ದೊಡ್ಡ ಬಾಂಬ್ ದಾಳಿ ಆರಂಭವಾಯಿತು. ಮೊದಲ ಏಟು ಬಿದ್ದದ್ದು ಬಂದರಿನ ಸುತ್ತಲಿನ ಬಡವರ ಈಸ್ಟ್ ಎಂಡ್‌ಗೆ. ಸುರಂಗ ರೈಲು ನಿಲ್ದಾಣಗಳಲ್ಲಿ ಆಶ್ರಯ ಪಡೆಯಲು ಸರ್ಕಾರ ಮೊದಲು ಒಪ್ಪಲಿಲ್ಲ. ಕೆಳಗಿಳಿದವರು ಮತ್ತೆ ಮೇಲೆ ಬರುವುದೇ ಇಲ್ಲವೇನೋ ಎಂಬ ಭಯ ಅದಕ್ಕೆ. ಜನ ಟಿಕೆಟ್ ಕೊಂಡು ಇಳಿದರು, ಅಲ್ಲೇ ಮಲಗಿದರು. ಸರ್ಕಾರ ಮಣಿಯಿತು. ಬೆಳಗಾದರೆ ಅವರು ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಅಂದ ಹಾಗೆ, ನವೆಂಬರ್‌ನ ಎಣಿಕೆಯ ಪ್ರಕಾರ ನಿಲ್ದಾಣಗಳಲ್ಲಿ ಮಲಗುತ್ತಿದ್ದವರು ಲಂಡನ್ನಿಗರಲ್ಲಿ ಶೇ 4ರಷ್ಟು ಮಾತ್ರ. ಚಿತ್ರಗಳಲ್ಲಿ ಇಡೀ ನಗರವೇ ಅಲ್ಲಿದ್ದಂತೆ ಕಾಣುತ್ತದೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಜನಸ್ಥೈರ್ಯವೆಂದರೆ ಉತ್ಸಾಹವಲ್ಲ. ಮನಸ್ಸು ಕುಗ್ಗಿದ್ದರೂ ಜನ ದಿನದ ಕೆಲಸ ಬಿಡದಿರುವುದೂ ಅದೇ. ಮುಂದೆ ಜರ್ಮನಿಯ ನಗರಗಳ ಮೇಲೆ ಬಾಂಬ್ ಸುರಿದಾಗಲೂ ಜನರ ನಂಬಿಕೆ ಕುಸಿಯಿತು. ಆದರೂ ಯುದ್ಧ ಸಾಮಗ್ರಿಯ ಉತ್ಪಾದನೆ 1944ರವರೆಗೆ ಏರುತ್ತಲೇ ಹೋಯಿತು.

ಹಾಗಾದರೆ ಒಗ್ಗಟ್ಟು ಬಿರುಕು ಬಿಡುವುದೆಲ್ಲಿ? ನನ್ನ ಮಟ್ಟಿಗೆ, ಬಾಂಬಿಗಿಂತ ಹೆಚ್ಚಾಗಿ ಪಕ್ಷಪಾತದಲ್ಲಿ. ಸೆಪ್ಟೆಂಬರ್ ಮಧ್ಯದಲ್ಲಿ ಈಸ್ಟ್ ಎಂಡ್‌ನವರ ಗುಂಪೊಂದು ಐಷಾರಾಮಿ ಸವಾಯ್ ಹೋಟೆಲಿಗೆ ನುಗ್ಗಿ, ಅಲ್ಲಿನ ನೆಲಮಾಳಿಗೆಯಲ್ಲಿ ತಮಗೂ ಜಾಗ ಕೇಳಿತು. ಅದೇ ವಾರ ಬಕಿಂಗ್‌ಹ್ಯಾಮ್ ಅರಮನೆಗೂ ಬಾಂಬ್ ಬಿದ್ದದ್ದು, ಕ್ರೂರವಾಗಿ ಹೇಳಬೇಕೆಂದರೆ, ಸರ್ಕಾರಕ್ಕೆ ಅನುಕೂಲವೇ ಆಯಿತು: ಅರಸನಿಗೂ ಬಡವನಿಗೂ ಒಂದೇ ಪಾಡು ಎನ್ನಬಹುದಾಯಿತು.

ಪಡಿತರದ ಕಥೆಯೂ ಇದೇ. 1940ರ ಜನವರಿ 8ರಿಂದ ಬೆಣ್ಣೆ, ಸಕ್ಕರೆ, ಹಂದಿಮಾಂಸದ ಬೇಕನ್‌ಗೆ ಎಲ್ಲರಿಗೂ ಒಂದೇ ಅಳತೆ. ಜನ ಗೊಣಗುತ್ತಲೇ ಒಪ್ಪಿದರು. ಆದರೆ ಹೋಟೆಲ್ ಊಟಕ್ಕೆ ಪಡಿತರ ಚೀಟಿ ಬೇಕಿರಲಿಲ್ಲ, ಹಣವಿದ್ದವರಿಗೆ ಹಬ್ಬ. ಅಸಮಾಧಾನ ಬೆಳೆದಾಗ 1942ರಲ್ಲಿ ಒಂದು ಊಟಕ್ಕೆ 5 ಶಿಲಿಂಗ್ ಮಿತಿ ಬಂತು. ದುಬಾರಿ ಹೋಟೆಲ್‌ಗಳು ಅದರ ಮೇಲೆ ಬೇರೆ ಶುಲ್ಕ ಸೇರಿಸಲು ಮಾತ್ರ ದಾರಿ ಉಳಿದೇ ಇತ್ತು.